ನೆರಳಿನ ಲೆಕ್ಕ, ಮರದ ಹಕ್ಕು

(ಉಪನ್ಯಾಸದ ಬರಹರೂಪ)

ಕುಶಾಲನಗರ ದಾಟಿ ಸುಂಟಿಕೊಪ್ಪದ ಏರುದಾರಿ ಹಿಡಿದ ಬಸ್ಸಿನಲ್ಲಿ ಕುಳಿತವರಿಗೆ ರಸ್ತೆಯ ಎರಡೂ ಬದಿ ಕಾಡೇ ಕಾಣುತ್ತದೆ. ಸ್ವಲ್ಪ ಗಮನವಿಟ್ಟು ನೋಡಿದರೆ ಆ ಕಾಡಿಗೆ ಬೇಲಿ ಇದೆ, ಗೇಟು ಇದೆ, ಗೇಟಿನ ಮೇಲೆ ತೋಟದ ಹೆಸರೂ ಇದೆ. ದೊಡ್ಡ ಮರಗಳ ಕೆಳಗೆ ಆಳೆತ್ತರದ ಕಾಫಿ ಗಿಡ, ಮರದ ಮೈಗೆ ಕರಿಮೆಣಸಿನ ಬಳ್ಳಿ, ನಡುನಡುವೆ ಕಿತ್ತಳೆ, ಬಾಳೆ, ಹಲಸು. ಪ್ರವಾಸಿಗರು ಇದನ್ನು ಪ್ರಕೃತಿ ಎಂದು ಕರೆದು ಫೋಟೊ ತೆಗೆದುಕೊಳ್ಳುತ್ತಾರೆ. ಇದು ಪ್ರಕೃತಿಯೂ ಹೌದು, ವ್ಯವಹಾರವೂ ಹೌದು. ಇಲ್ಲಿ ನಿಂತಿರುವ ಒಂದೊಂದು ಮರದ ಹಿಂದೆಯೂ ಯಾರೋ ಒಬ್ಬ ಬೆಳೆಗಾರ ಅದನ್ನು ಉಳಿಸುವುದೋ ಉರುಳಿಸುವುದೋ ಎಂದು ಹಾಕಿದ ಲೆಕ್ಕವಿದೆ.

ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್ಲಿನಲ್ಲಿ ಕಾಫಿ ಬಹುಪಾಲು ಬಯಲಿನಲ್ಲೇ, ಬಿಸಿಲಿನಲ್ಲೇ ಬೆಳೆಯುತ್ತದೆ. ಮಧ್ಯ ಅಮೆರಿಕದ ದೇಶಗಳಲ್ಲಿ 1970ರ ದಶಕದಿಂದ ಈಚೆಗೆ ಎಲೆತುಕ್ಕು ರೋಗದ ಭಯ, ಹೆಚ್ಚು ಇಳುವರಿಯ ಆಸೆ ಎರಡೂ ಸೇರಿ ನೆರಳಿನ ಮರಗಳನ್ನು ಕಡಿಸಿದವು. ಭಾರತದ ಕಾಫಿ ಮಾತ್ರ ಬಹುಮಟ್ಟಿಗೆ ನೆರಳಿನಲ್ಲೇ ಉಳಿಯಿತು. ಏಕೆ? ನಮ್ಮವರು ಮರವನ್ನು ದೇವರೆಂದು ಕಾಣುವವರು, ಅದಕ್ಕೇ ಕಡಿಯಲಿಲ್ಲ ಎಂಬ ಉತ್ತರ ಭಾಷಣಗಳಲ್ಲಿ ಕೇಳಿಬರುತ್ತದೆ. ಕೇಳಲು ಹಿತವಾದ ಮಾತು. ಚರಿತ್ರೆ ಹೇಳುವುದು ಬೇರೆ.

ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮನ್‌ನ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬುದು ಎಲ್ಲರೂ ಬಲ್ಲ ಐತಿಹ್ಯ. ಆನಂತರ ಬಹುಕಾಲ ಕಾಫಿ ಹಿತ್ತಿಲ ಗಿಡವಾಗಿಯೇ ಇತ್ತು. ಕೊಡಗು 1834ರಲ್ಲಿ ಬ್ರಿಟಿಷರ ವಶವಾಯಿತು. ಇಪ್ಪತ್ತು ವರ್ಷಗಳ ಬಳಿಕ, 1854ರಲ್ಲಿ, ಫೌಲರ್ ಎಂಬಾತ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ತೋಟ ತೆರೆದ. ಅವನ ಹಿಂದೆ ಬಂದವರಲ್ಲಿ ಹಲವರಿಗೆ ತೋಟ ಮಾಡುವುದೆಂದರೆ ಕಾಡನ್ನು ಪೂರಾ ಕಡಿದು, ಸುಟ್ಟು, ಬೂದಿ ಬಿದ್ದ ನೆಲದಲ್ಲಿ ಸಾಲುಸಾಲಾಗಿ ಗಿಡ ನೆಡುವುದು. ಮೊದಲ ಕೆಲವು ವರ್ಷ ಫಸಲು ಚೆನ್ನಾಗಿಯೇ ಬಂತು. ಶತಮಾನಗಳಿಂದ ಕಾಡು ಕೂಡಿಟ್ಟ ಗೊಬ್ಬರ ಅಲ್ಲಿತ್ತಲ್ಲ!

ಆಮೇಲೆ ಬಂತು ಕಾಂಡಕೊರಕ. 1860ರ ದಶಕದ ನಡುವಿನಿಂದ ಕೊಡಗು ಮತ್ತು ವೈನಾಡಿನ ತೋಟಗಳು ಒಂದರ ಹಿಂದೊಂದು ಒಣಗತೊಡಗಿದವು. ಈ ದುಂಬಿ ಕಾಫಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಹುಳು ಒಳಹೊಕ್ಕು ಕಾಂಡವನ್ನು ಸುರಂಗ ಕೊರೆದಂತೆ ಕೊರೆಯುತ್ತದೆ. ಬಿಸಿಲು ಬಿದ್ದ ಕಾಂಡವೆಂದರೆ ಅದಕ್ಕೆ ಹಬ್ಬ. ನೆರಳಿನ ಗಿಡದ ಹತ್ತಿರ ಅಷ್ಟಾಗಿ ಸುಳಿಯುವುದಿಲ್ಲ. ಮದರಾಸು ಸರ್ಕಾರ ಇದರ ತನಿಖೆಗೆ ಜಾರ್ಜ್ ಬಿಡಿ ಎಂಬ ವೈದ್ಯಾಧಿಕಾರಿಯನ್ನು ಕಳುಹಿಸಿತು. ಆತನ ವರದಿ 1869ರಲ್ಲಿ ಅಚ್ಚಾಯಿತು. ಆತ ಹೇಳಿದ ಮುಖ್ಯ ಪರಿಹಾರಗಳಲ್ಲಿ ಒಂದು, ಕಡಿದ ನೆರಳನ್ನು ಮತ್ತೆ ತರುವುದು. ಅದೇ ಕಾಲದಲ್ಲಿ ಮಂಜರಾಬಾದಿನಲ್ಲಿ ತೋಟ ಮಾಡಿಕೊಂಡಿದ್ದ ಆರ್. ಎಚ್. ಎಲಿಯಟ್ 1894ರಲ್ಲಿ ಬರೆದ ಪುಸ್ತಕದಲ್ಲಿ ಯಾವ ಮರದ ನೆರಳು ಕಾಫಿಗೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಪುಟಗಟ್ಟಲೆ ಚರ್ಚಿಸಿದ್ದಾನೆ. ಅತ್ತಿ, ಬಸರಿ, ಗೋಣಿ ಮುಂತಾದ ಆಲದ ಕುಲದ ಮರಗಳಿಗೆ ಅಲ್ಲಿ ದೊಡ್ಡ ಗೌರವ. ಅವನಿಗೆ ಇದನ್ನು ಕಲಿಸಿದವರು ಸುತ್ತಲಿನ ಹಳ್ಳಿಗರೇ ಇರಬೇಕು. ಕಾಫಿ ಅವರ ಹಿತ್ತಿಲಲ್ಲಿ ಅವನಿಗಿಂತ ಮೊದಲೇ ಇತ್ತು.

ಹೀಗೆ ನೆರಳು ಮರಳಿ ಬಂದದ್ದು ಹುಳುವಿನ ಹೊಡೆತ ತಾಳಲಾರದೆ, ನಷ್ಟದ ಪಾಠದಿಂದ. ಇದನ್ನು ಮರೆತರೆ ಈಚಿನ ಬೆಳವಣಿಗೆ ಅರ್ಥವಾಗುವುದಿಲ್ಲ. ಲೆಕ್ಕದಿಂದ ಬಂದ ಮರ ಲೆಕ್ಕ ಬದಲಾದಾಗ ಹೋಗಲೂಬಹುದು.

ನೆರಳಿನ ಕೆಲಸ ಕೊರಕವನ್ನು ತಡೆಯುವುದಷ್ಟೇ ಅಲ್ಲ. ಹಳೆಯ ತೋಟದಲ್ಲಿ ನೆರಳು ಎರಡು ಅಂತಸ್ತಿನದು. ಕೆಳಗೆ ಹಾಲುವಾಣ, ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಸುವ, ಗೂಟ ಊರಿದರೂ ಚಿಗುರುವ ಮರ. ಮೇಲೆ ಕಾಡಿನ ಮರಗಳ ಚಪ್ಪರ. ಬೇಸಿಗೆಯಲ್ಲಿ ಈ ಚಪ್ಪರ ನೆಲದ ತೇವ ಕಾಯುತ್ತದೆ, ಮುಂಗಾರಿನಲ್ಲಿ ಮಳೆಯ ಹನಿ ನೇರ ನೆಲಕ್ಕೆ ಬಡಿಯದಂತೆ ತಡೆಯುತ್ತದೆ, ವರ್ಷವಿಡೀ ಎಲೆ ಉದುರಿಸಿ ಗೊಬ್ಬರ ಕೊಡುತ್ತದೆ. ಹಾಗೆಂದು ನೆರಳು ಹೆಚ್ಚಾದಷ್ಟೂ ಒಳ್ಳೆಯದೆಂದೇನೂ ಇಲ್ಲ. ದಟ್ಟ ನೆರಳಿನಲ್ಲಿ ಹೂ ಕಡಿಮೆ, ಕಾಯಿ ಕಡಿಮೆ. ಮಳೆಗಾಲದಲ್ಲಿ ಗಾಳಿಯಾಡದಿದ್ದರೆ ಕೊಳೆರೋಗ. (ಈ ಕನ್ನಡ ಶಬ್ದ ಹತ್ತೊಂಬತ್ತನೆಯ ಶತಮಾನದಲ್ಲೇ ಶಿಲೀಂಧ್ರದ ಲ್ಯಾಟಿನ್ ಹೆಸರಿನೊಳಗೆ ಸೇರಿಹೋಯಿತು, ಶಾಸ್ತ್ರಜ್ಞರು ಅದನ್ನು ‘ಪೆಲಿಕ್ಯುಲೇರಿಯಾ ಕೊಲೆರೋಗ’ ಎಂದು ಕರೆದರು.) ಆದ್ದರಿಂದ ಮಳೆಗೆ ಮುಂಚೆ ಆಳುಗಳನ್ನು ಮರ ಹತ್ತಿಸಿ ಕೊಂಬೆ ಕಡಿಸುವ ಮರಗಸಿ ನಡೆಯಲೇಬೇಕು. ಇದು ಅಪಾಯದ ಕೆಲಸ. ಹಾಗಾಗಿ ಕೂಲಿಯೂ ಹೆಚ್ಚು, ಬಲ್ಲ ಆಳುಗಳೂ ವರ್ಷದಿಂದ ವರ್ಷಕ್ಕೆ ಕಡಿಮೆ. ಅಗಲವಾಗಿ ಕೊಂಬೆ ಚಾಚುವ ಅತ್ತಿ, ಬಸರಿ ಇದ್ದಷ್ಟೂ ಮರಗಸಿಯ ಖರ್ಚು ಜಾಸ್ತಿ. ಲೆಕ್ಕದ ಪುಸ್ತಕದಲ್ಲಿ ಮರದ ಹೆಸರಿಗೆ ಬೀಳುವ ಮೊದಲ ಖರ್ಚು ಇದು.

ಜಮೆಯ ಕಡೆಗೆ ಏನಿದೆ? ಮೊದಲು ಹಕ್ಕಿಗಳ ಮಾತು. ಕೃತಿ ಕಾರಂತ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ಹಕ್ಕಿಗಳನ್ನು ಎಣಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು 204 ಜಾತಿಯ ಹಕ್ಕಿಗಳು ದಾಖಲಾದವು. ಮೂರರಲ್ಲಿ ಕಾಫಿ ತೋಟವೇ ಮುಂದು. ಮಂಗಟ್ಟೆಯಂಥ ಕಾಡಿನ ಹಕ್ಕಿಗೆ ಅತ್ತಿಯ ಹಣ್ಣು ಬೇಕು, ಗೂಡಿಗೆ ಹಳೆಯ ಮರದ ಪೊಟರೆ ಬೇಕು. ಎರಡೂ ಹಳೆಯ ತೋಟದಲ್ಲಿ ಸಿಗುತ್ತವೆ. ಇದರಿಂದ ಬೆಳೆಗಾರನ ಕೈಗೆ ಬರುವುದೆಷ್ಟು? ರೂಪಾಯಿಯ ಲೆಕ್ಕದಲ್ಲಿ ಸೊನ್ನೆ ಎಂದೇ ಹೇಳಬೇಕು. ಮಂಗಟ್ಟೆ ಕೂತು ಹೋದ ತೋಟದ ಕಾಫಿಗೆ ಕ್ಯೂರಿಂಗ್ ವರ್ಕ್ಸ್‌ನವರು ಹೆಚ್ಚಿನ ದರ ಕೊಡುವುದಿಲ್ಲ.

ಜೇನಿನ ಮಾತು ಬೇರೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೈಮೇಲೋ ಬರಬೇಕು. ಹೂಮಳೆ ಬಿದ್ದ ಸುಮಾರು ಒಂದು ವಾರಕ್ಕೆ ಇಡೀ ತೋಟ ಮಲ್ಲಿಗೆ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಆ ಹೂವಿನ ಆಯುಸ್ಸು ಎರಡು ಮೂರು ದಿನ. ಅಷ್ಟರೊಳಗೆ ಹೆಜ್ಜೇನು, ತುಡುವೆ, ಮುಜಂಟಿ ಜೇನು ತಮ್ಮ ಕೆಲಸ ಮುಗಿಸಬೇಕು. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ದೊಡ್ಡ ಮರಗಳಲ್ಲಿ; ಒಂದೇ ಮರದಲ್ಲಿ ಹತ್ತಾರು ಗೂಡು ತೂಗುವುದುಂಟು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಸಿ. ಜಿ. ಕುಶಾಲಪ್ಪ ಅವರೂ ಇದ್ದ ಒಂದು ತಂಡ ಕೊಡಗಿನ ರೊಬಸ್ಟಾ ತೋಟಗಳಲ್ಲಿ ಇದನ್ನು ಅಳೆದು 2013ರಲ್ಲಿ ಪ್ರಕಟಿಸಿತು. ಈಗ ಬೆಳೆಗಾರರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸುತ್ತಾರೆ. ಸುತ್ತಲಿನ ತೋಟಗಳೆಲ್ಲ ಒಂದೇ ದಿನ ಅರಳಿದರೆ ಜೇನು ಹಂಚಿಹೋಗುತ್ತದೆ. ಬೇರೆ ಬೇರೆ ದಿನ ಅರಳಿದರೆ ಒಂದೊಂದು ತೋಟಕ್ಕೂ ಹೆಚ್ಚು ಜೇನು. ಇಲ್ಲಿ ಒಂದು ಸೂಕ್ಷ್ಮವಿದೆ. ಹೆಜ್ಜೇನಿರುವ ಮರ ಒಬ್ಬನದು, ಕಾಯಿ ಕಟ್ಟುವುದು ಊರಿನವರೆಲ್ಲರ ತೋಟದಲ್ಲಿ. ಮರ ಉಳಿಸಿದವನ ಪುಸ್ತಕಕ್ಕೆ ಈ ಜಮೆ ಪೂರ್ತಿಯಾಗಿ ಬರುವುದೇ ಇಲ್ಲ. ಕೊಡಗಿನ ಜೇನು ಒಂದು ಕಾಲಕ್ಕೆ ಎಷ್ಟು ಹೆಸರಾಗಿತ್ತು ಎಂಬುದು ಹಿರಿಯರಿಗೆ ಗೊತ್ತು. 1991-92ರ ಸುಮಾರಿಗೆ ಹರಡಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಬರಿದು ಮಾಡಿತು. ಆ ಹೊಡೆತದೊಂದಿಗೆ ಮನೆಮನೆಯ ಜೇನು ಆದಾಯವೂ ಕರಗಿತು.

ಇನ್ನು ಮುಖ್ಯವಾದ ಪ್ರಶ್ನೆ. ತೋಟದಲ್ಲಿರುವ ಮರ ಯಾರದು?

ಇದಕ್ಕೆ ಉತ್ತರ ಹುಡುಕಲು ಕೊಡಗಿನ ಹಳೆಯ ಭೂಪದ್ಧತಿಗೆ ಹೋಗಬೇಕು. ಇಲ್ಲಿ ಕೃಷಿಯ ಕೇಂದ್ರ ಕಾಫಿಯಲ್ಲ, ಬತ್ತದ ಗದ್ದೆ. ಗದ್ದೆಗೆ ಹೊಂದಿಕೊಂಡ ಕಾಡುದಿಬ್ಬವೇ ಬಾಣೆ. ಗದ್ದೆ ಮಾಡುವ ಮನೆತನಕ್ಕೆ ಸೊಪ್ಪು, ಸೌದೆ, ದನದ ಮೇವು, ಮನೆ ಕಟ್ಟಲು ಬೇಕಾದ ಮರ ಇವುಗಳಿಗಾಗಿ ಬಾಣೆಯನ್ನು ಕಂದಾಯವಿಲ್ಲದೆ ಬಿಡಲಾಗಿತ್ತು. ಕೊಡಗಿನ 1899ರ ಭೂಕಂದಾಯ ಕಾನೂನು ಈ ಏರ್ಪಾಟನ್ನು ಬರಹಕ್ಕಿಳಿಸಿತು. ಮುಂದೆ ಬಾಣೆಗಳಲ್ಲಿ ಕಾಫಿ ಹಬ್ಬಿತು. ನೆಲ ಉಳುವವನದಾಯಿತು, ಅದರ ಮೇಲೆ ನಿಂತಿದ್ದ ಮರದ ಬೆಲೆ ಮಾತ್ರ ಸರ್ಕಾರದ್ದು. ಮರದ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನು ‘ರಿಡೀಮ್ಡ್’, ಬಿಡಿಸಿಕೊಳ್ಳದ್ದು ‘ಅನ್‌ರಿಡೀಮ್ಡ್’. ಕೊಡಗಿನ ಯಾವ ಬೆಳೆಗಾರನನ್ನು ಕೇಳಿದರೂ ಈ ಎರಡು ಇಂಗ್ಲಿಷ್ ಶಬ್ದ ಬಾಯಿಗೆ ಬರುತ್ತವೆ; ಕನ್ನಡ ಬಾರದವನಿಗೂ ಬರುತ್ತವೆ.

ಇದರ ಪರಿಣಾಮ ನೋಡಿ. ಅನ್‌ರಿಡೀಮ್ಡ್ ಜಮೀನಿನಲ್ಲಿ ತಾನೇ ಹುಟ್ಟಿದ ನಂದಿ, ಹೊನ್ನೆ, ಮತ್ತಿ, ಬೀಟೆಯ ಸಸಿಯನ್ನು ಬೆಳೆಗಾರ ಐವತ್ತು ವರ್ಷ ಕಾದು ಬೆಳೆಸಿದರೂ ಅದರ ಬೆಲೆ ಅವನದಲ್ಲ. ಮರಗಸಿಯ ಖರ್ಚು ಅವನದು, ಕಾಫಿಯ ಮೇಲೆ ಮರ ಬಿದ್ದರೆ ನಷ್ಟ ಅವನದು. ಬಿಡಿಸಿಕೊಂಡ ಜಮೀನಿನಲ್ಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಕಡಿಯಲು ಅನುಮತಿ ಬೇಕು, ಸಾಗಿಸಲು ಪಾಸು ಬೇಕು. ಅರ್ಜಿ, ದಾಖಲೆ, ಸ್ಥಳ ತನಿಖೆ, ಗುರುತು ಹಾಕುವುದು ಎಂದು ತಿಂಗಳುಗಳು ಉರುಳುತ್ತವೆ. ಐದು ಎಕರೆಯ ರೈತನಿಗೆ ಅಷ್ಟು ತಿರುಗುವ ಪುರುಸೊತ್ತಿಲ್ಲ. ಅವನು ಮರದ ವ್ಯಾಪಾರಿಗೆ ನಿಂತ ಮರವನ್ನೇ ಸಿಕ್ಕ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಕಾಯ್ದೆಯ ಉದ್ದೇಶ ಮರ ಉಳಿಸುವುದು, ಅದರಲ್ಲಿ ಅನುಮಾನವಿಲ್ಲ. ಆದರೆ ತೋಟದೊಳಗೆ ತಾನಾಗಿ ಮೊಳೆತ ನಂದಿಯ ಸಸಿ, ಕಳೆ ತೆಗೆಯುವ ಕತ್ತಿಗೆ ಮೊದಲ ವರ್ಷವೇ ಬಲಿಯಾದರೆ ಯಾವ ಅಧಿಕಾರಿಗೂ ಗೊತ್ತಾಗುವುದಿಲ್ಲ. ನಾಳೆ ತೊಡಕಾಗುವ ಮರವನ್ನು ಇಂದೇ ಸಸಿಯಲ್ಲೇ ಮುಗಿಸುವುದು ಅಪರಾಧವೂ ಅಲ್ಲ. ಜಮ್ಮಾ ಬಾಣೆಯ ಹಕ್ಕಿನ ಗೊಂದಲ ಬಿಡಿಸಲು 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದದ್ದುಂಟು. ಮರ ಕಡಿಯಲು ಅನುಮತಿ ಬೇಕೆಂಬ ಕಟ್ಟು ಅದರಿಂದ ಸಡಿಲವಾಗಲಿಲ್ಲ.

ಈ ಸಂದಿಯಲ್ಲಿ ಒಳಬಂದದ್ದು ಸಿಲ್ವರ್ ಓಕ್. ಊರು ಆಸ್ಟ್ರೇಲಿಯಾ. ಹತ್ತೊಂಬತ್ತನೆಯ ಶತಮಾನದಲ್ಲೇ ಚಹಾ, ಕಾಫಿ ತೋಟಗಳ ನೆರಳಿಗೆಂದು ತಂದ ಮರ. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಕೊಂಬೆ ಸವರುವುದು ಸುಲಭ, ಮೆಣಸಿನ ಬಳ್ಳಿ ತುದಿಯವರೆಗೆ ಹತ್ತುತ್ತದೆ. 20–25 ವರ್ಷಕ್ಕೆ ಪ್ಲೈವುಡ್‌ನವರು ಬಂದು ಕೊಳ್ಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, 1976ರ ಕಾಯ್ದೆಯಲ್ಲಿ ಅನುಮತಿ ಬೇಡವೆಂದು ಪಟ್ಟಿ ಮಾಡಿದ ಕೆಲವೇ ಮರಗಳಲ್ಲಿ ಇದೂ ಒಂದು. ನೆಟ್ಟವನೇ ಒಡೆಯ, ಬೇಕೆಂದಾಗ ಕಡಿಯಬಹುದು. ಮಗಳ ಮದುವೆಗೋ ಮಗನ ಕಾಲೇಜಿಗೋ ಹತ್ತು ಮರ ಕಡಿದರೆ ಕೈಗೆ ದುಡ್ಡು. ಕಾಡುಮರವೊಂದು ಬಿದ್ದ ಜಾಗದಲ್ಲಿ ಮತ್ತೆ ಕಾಡುಮರ ನೆಡುವ ಬೆಳೆಗಾರ ಅಪರೂಪವಾದದ್ದು ಹೀಗೆ. ಮೇಲಿನಿಂದ ನೋಡಿದರೆ ಹಸಿರು ಹಸಿರೇ; ಉಪಗ್ರಹದ ಚಿತ್ರಕ್ಕೂ ಬಸ್ಸಿನ ಕಿಟಕಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಸಿಲ್ವರ್ ಓಕಿನಲ್ಲಿ ಮಂಗಟ್ಟೆ ತಿನ್ನುವ ಹಣ್ಣಿಲ್ಲ, ಗೂಡಿಗೆ ಪೊಟರೆಯಿಲ್ಲ.

ಪೇಟೆಯ ಏರಿಳಿತವೂ ಮರದ ಮೇಲೆಯೇ ಬಿತ್ತು. 1942ರಿಂದ ಅರ್ಧ ಶತಮಾನ ಬೆಳೆಗಾರ ತನ್ನ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಹಣಕ್ಕಾಗಿ ಕಂತುಗಳಲ್ಲಿ ಕಾಯಬೇಕಾಗಿತ್ತು. 1992ರಿಂದ 1996ರೊಳಗೆ ಈ ಕಟ್ಟು ಹಂತಹಂತವಾಗಿ ಬಿಚ್ಚಿತು. ಅದರ ನಡುವೆಯೇ, 1994ರಲ್ಲಿ, ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತು. ಕೊಡಗಿನಲ್ಲಿ ಹೊಸ ಕಾರು, ಹೊಸ ಮನೆ, ಹೊಸ ಪಂಪ್‌ಸೆಟ್ಟು ಬಂದ ಕಾಲ ಅದು. ಇಳುವರಿ ಹೆಚ್ಚಿಸುವ ಉತ್ಸಾಹದಲ್ಲಿ ನೆರಳು ತೆಳುವಾಯಿತು. ಮುಂದೆ 2000ದ ನಂತರ ವಿಯೆಟ್ನಾಂನ ರೊಬಸ್ಟಾ ಜಗತ್ತಿನ ಪೇಟೆಗೆ ನುಗ್ಗಿ ಬೆಲೆ ನೆಲಕಚ್ಚಿದಾಗ ಸಾಲ ತೀರಿಸಲು ಮತ್ತೆ ಮರ. ಬೆಲೆ ಏರಿದರೂ ಕೊಡಲಿ, ಇಳಿದರೂ ಕೊಡಲಿ. ಅರೇಬಿಕಾಕ್ಕೆ ಕಾಂಡಕೊರಕದ ಕಾಟ ಹೆಚ್ಚಿ ಅನೇಕರು ರೊಬಸ್ಟಾಕ್ಕೆ ತಿರುಗಿದರು. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇ 70 ರೊಬಸ್ಟಾ. ಅದಕ್ಕೆ ಅಷ್ಟು ನೆರಳು ಬೇಡ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟ ಮುಟ್ಟಿತು. ಮೆಣಸಿನ ಕಥೆಯೂ ಹೀಗೆಯೇ. 2015ರ ಹೊತ್ತಿಗೆ ಕಿಲೋಗೆ 600 ರೂಪಾಯಿ ದಾಟಿದ್ದ ಕರಿಮೆಣಸು ನಾಲ್ಕೇ ವರ್ಷದಲ್ಲಿ ಅದರ ಅರ್ಧದ ಆಸುಪಾಸಿಗೆ ಕುಸಿಯಿತು.

ಹಲಸಿನ ಕಥೆಯಂತೂ ವಿಚಿತ್ರ. ಹಲಸು ಒಳ್ಳೆಯ ನೆರಳು, ಮನೆಗೆ ಹಣ್ಣು, ಬಡವರಿಗೆ ಊಟ. ಆನೆಗೂ ಅಷ್ಟೇ ಇಷ್ಟ. ಹಣ್ಣಿನ ಕಾಲದಲ್ಲಿ ವಾಸನೆ ಹಿಡಿದು ತೋಟಕ್ಕಿಳಿಯುವ ಆನೆ, ಹಲಸು ತಿಂದು ಹೋಗುವ ದಾರಿಯಲ್ಲಿ ಕಾಫಿ ಗಿಡ, ನೀರಿನ ಪೈಪು ಎಲ್ಲವನ್ನೂ ತುಳಿಯುತ್ತದೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕಾರ್ಮಿಕರು ಅದರೆದುರು ಸಿಕ್ಕಿ ಪ್ರಾಣ ಕಳೆದುಕೊಂಡದ್ದೂ ಉಂಟು. ಎಷ್ಟೋ ತೋಟಗಳಲ್ಲಿ ಈಗ ಹಲಸಿನ ಕಾಯಿಯನ್ನು ಎಳೆಯದಿರುವಾಗಲೇ ಕಿತ್ತು ಹಾಕುತ್ತಾರೆ. ಕೆಲವರು ಮರವನ್ನೇ ತೆಗೆಸುತ್ತಾರೆ. ಜೀವವೈವಿಧ್ಯ ಉಳಿಸಿ ಎಂದು ಅವರಿಗೆ ಉಪದೇಶಿಸುವ ಮೊದಲು, ಲೈನ್‌ಮನೆಯಿಂದ ಬೆಳಿಗ್ಗೆ ಹೊರಡುವ ಹೆಂಗಸಿನ ಭಯವನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಹಾಗಾದರೆ ಲೆಕ್ಕದಿಂದ ಹೊರಗೆ ಉಳಿದ ಮರಗಳೇ ಇಲ್ಲವೇ? ಇವೆ, ದೇವರಕಾಡುಗಳಲ್ಲಿ. ಕೊಡಗಿನಲ್ಲಿ ಇಂಥವು 1,200ಕ್ಕೂ ಹೆಚ್ಚು. ಅಯ್ಯಪ್ಪ, ಭಗವತಿ, ಮಹಾದೇವ ಹೀಗೆ ಒಂದೊಂದು ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡ ಕಾಡಿನ ತುಣುಕುಗಳು. ಆದರೆ ಅಲ್ಲಿಯೂ ಅಂಕಿ ಕಣ್ಣಿಗೆ ಚುಚ್ಚುತ್ತದೆ: 1905ರಲ್ಲಿ 15,506 ಎಕರೆ ಇದ್ದದ್ದು 1985ಕ್ಕೆ 6,299 ಎಕರೆ. ದೇವರಕಾಡಿನ ಮರ ದೇವರದು, ಬಾಣೆಯ ಮರ ಸರ್ಕಾರದ್ದು, ರೈತನದೆಂದು ಹೇಳಿಕೊಳ್ಳಲು ಉಳಿದದ್ದು ಸಿಲ್ವರ್ ಓಕ್ ಒಂದೇ.

ಪರಿಹಾರಗಳ ಚರ್ಚೆ ಬಹಳ ನಡೆದಿದೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಹಕ್ಕಿಸ್ನೇಹಿ ಕಾಫಿಯ ಮುದ್ರೆ 1990ರ ದಶಕದಲ್ಲಿ ಹುಟ್ಟಿತು. ಶೇ 40ರಷ್ಟು ನೆರಳು, ಕನಿಷ್ಠ ಹತ್ತು ಜಾತಿಯ ಮರ ಅದರ ಮುಖ್ಯ ನಿಬಂಧನೆಗಳು. ಕೊಡಗಿನ ಹಳೆಯ ತೋಟಕ್ಕೆ ಇದು ನೀರು ಕುಡಿದಷ್ಟು ಸುಲಭ. ತೊಡಕಿರುವುದು ಅದರ ಜೊತೆಗೆ ಬರುವ ಸಾವಯವ ನಿಯಮದಲ್ಲಿ, ತಪಾಸಣೆಯ ಖರ್ಚಿನಲ್ಲಿ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಇಂಥ ರೈತ ಒಬ್ಬನೇ ಆ ಖರ್ಚು ಹೊರಲಾರ. ಊರಿನವರು ಸಂಘ ಕಟ್ಟಿಕೊಂಡರೆ ಸಾಧ್ಯವಾದೀತು. 2019ರಲ್ಲಿ ಕೊಡಗಿನ ಅರೇಬಿಕಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹೆಸರಿಗೆ ರಕ್ಷಣೆ ದೊರೆಯಿತು, ಮರಕ್ಕಲ್ಲ. ಕ್ಲಾಡ್ ಗಾರ್ಸಿಯಾ ಮತ್ತಿತರರು ಪಶ್ಚಿಮ ಘಟ್ಟದ ಕಾಫಿ ತೋಟಗಳನ್ನು ಕುರಿತು 2010ರಲ್ಲಿ ಬರೆದ ಲೇಖನದಲ್ಲಿ ಸಂರಕ್ಷಣೆಯವರ ಯೋಜನೆಗಳ ಒಂದು ಕೊರತೆಯನ್ನು ನೇರವಾಗಿ ಎತ್ತಿ ತೋರಿಸಿದ್ದಾರೆ. ರೈತನ ಆಸೆ ಆಕಾಂಕ್ಷೆಗಳನ್ನು ನಡುವೆ ಇಡದೆ ಮಾಡಿದ ಯೋಜನೆ ಹಿಂದೆ ಸೋತಿದೆ, ಮುಂದೆಯೂ ಸೋಲಬಹುದೆಂಬುದು ಅವರ ವಾದ. ಹೊರಗಿನಿಂದ ಬರುವ ಪ್ರೋತ್ಸಾಹಧನಕ್ಕಿಂತ ಮೊದಲು ಒಂದು ಚಿಕ್ಕ ಬದಲಾವಣೆ ಬೇಕು: ರೈತ ತಾನೇ ನೆಟ್ಟು ಬೆಳೆಸಿದ ನಂದಿಗೂ ಹೊನ್ನೆಗೂ ಸಿಲ್ವರ್ ಓಕಿಗಿರುವ ಸ್ವಾತಂತ್ರ್ಯ ಸಿಗಬೇಕು. ನೆಟ್ಟ ದಿನವೇ ದಾಖಲೆಯಾದ ಮರ ನೆಟ್ಟವನದೇ ಎಂದಾದರೆ ಕಾಡಿನ ಕಳ್ಳಸಾಗಣೆಗೆ ದಾರಿಯಾಗುತ್ತದೆಂಬ ಭಯ ಸುಳ್ಳೇನಲ್ಲ. ಆದರೆ ಆ ಭಯಕ್ಕೆ ಈಗ ತೆರುತ್ತಿರುವ ಬೆಲೆ ಮೊಳೆಯದೆ ಹೋದ ಒಂದು ತಲೆಮಾರಿನ ಮರಗಳು.

ಜೂನ್ ತಿಂಗಳ ಮೊದಲ ಮಳೆಗೆ ಕೊಡಗಿನ ನರ್ಸರಿಗಳಲ್ಲಿ ಜನ ಸೇರುತ್ತಾರೆ. ಸಿಲ್ವರ್ ಓಕ್ ಸಸಿಗಳು ನೂರರ ಲೆಕ್ಕದಲ್ಲಿ ಜೀಪಿಗೆ ಏರುತ್ತವೆ. ಒಂದು ಮೂಲೆಯಲ್ಲಿ ನಂದಿ, ಹೆಬ್ಬಲಸು, ಬೀಟೆಯ ತೊಟ್ಟೆಗಳೂ ಇರುತ್ತವೆ. ಯಾರಾದರೂ ಅದನ್ನು ಕೈಗೆತ್ತಿಕೊಂಡರೆ ಪಕ್ಕದವನು ಕೇಳುವ ಪ್ರಶ್ನೆ ಒಂದೇ: ಇದನ್ನು ಕಡಿಯಲು ಆಮೇಲೆ ಬಿಡುತ್ತಾರಾ?